ವಾಸಿಯಾದವಳ ಮೇಲ್ಮನವಿ

ಪುಟ್ಟಲಕ್ಷ್ಮಿಗೆ ಕುಷ್ಠ ವಾಸಿಯಾಗಿ ಮೂರು ವರ್ಷವಾಗಿತ್ತು. ಎರಡು ವರ್ಷ ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದ್ದಳು. ತಿಂಗಳಿಗೊಮ್ಮೆ ನರಸೀಪುರದಿಂದ ಸೈಕಲ್ಲಿನಲ್ಲಿ ಬಂದು, ತಿಂಗಳಿನ ಮಾತ್ರೆ ಕೊಟ್ಟು, ಮೊದಲನೆಯದನ್ನು ಎದುರಿಗೇ ನಿಂತು ನುಂಗಿಸುತ್ತಿದ್ದವರು ಆರೋಗ್ಯ ಇಲಾಖೆಯ ಗಂಗಾಧರಸ್ವಾಮಿ. ಅವರು ‘ಚಿಕಿತ್ಸೆ ಮುಗಿದಿದೆ, ರೋಗ ಗುಣವಾಗಿದೆ’ ಎಂಬ ಚೀಟಿ ಕೊಟ್ಟ ದಿನ ಅವಳು ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಮದುವೆ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಳು. ಊರಲ್ಲಿ ರೋಗದ ಹೆಸರು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ ‘ಮೈ ಕಜ್ಜಿ’ ಅಂದುಬಿಡುತ್ತಿದ್ದಳು. ಗೊತ್ತಿದ್ದದ್ದು ಗಂಡ ಕಲ್ಲಯ್ಯನಿಗೆ, ಅತ್ತೆ ದೊಡ್ಡಮ್ಮನಿಗೆ.

ಆದರೆ ರೋಗ ಹೋಗುವಾಗ ಅಂಗೈ ಅಂಗಾಲುಗಳ ಸ್ಪರ್ಶವನ್ನೂ ಕೊಂಡೊಯ್ದಿತ್ತು. ಬೆರಳು ನೆಟ್ಟಗೇ ಇದ್ದವು. ನೋಡಿದವರಿಗೆ ಏನೂ ಕಾಣುತ್ತಿರಲಿಲ್ಲ. ಬಿಸಿ ಪಾತ್ರೆ ಹಿಡಿದರೆ ಮಾತ್ರ ಚರ್ಮ ಸುಟ್ಟ ವಾಸನೆ ಬಂದ ಮೇಲೆಯೇ ಅವಳಿಗೆ ತಿಳಿಯುವುದು. ನಾಲೆ ಬಯಲಿನಲ್ಲಿ ನಾಟಿಗೆ ಹೋದಾಗ ಕೆಸರಲ್ಲಿದ್ದ ಗಾಜು ಅಂಗಾಲಿಗೆ ಹೊಕ್ಕು, ಗಾಯ ಆರು ತಿಂಗಳು ಮಾಯಲಿಲ್ಲ. ಇನ್ನು ಗದ್ದೆಗೆ ಇಳಿಯಲೇಬಾರದೆಂದು ಗಾಯಕ್ಕೆ ಔಷಧಿ ಹಾಕಿದ ಡಾಕ್ಟರು ಹೇಳಿದರು. ಕಲ್ಲಯ್ಯ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುತ್ತಿದ್ದ. ಅವನೊಬ್ಬನ ದುಡಿಮೆ ಸಾಲದು. ಗಂಗಾಧರಸ್ವಾಮಿಯೇ ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಬರೆಸಿದರು.

ಮಾಸಾಶನದ ತಪಾಸಣೆಯ ದಿನ ಸರ್ಕಾರಿ ಡಾಕ್ಟರ ಮುಂದೆ ಉದ್ದದ ಸಾಲಿತ್ತು. ಮುಷ್ಟಿ ಹಿಡಿ ಅಂದರು, ಹಿಡಿದಳು. ಲೋಟ ಎತ್ತು ಅಂದರು, ಎತ್ತಿದಳು. ಚೀಟಿ ನೋಡಿ, “ವಾಸಿಯಾಗಿದೆಯಲ್ಲಮ್ಮ, ಒಳ್ಳೇದಾಯ್ತು” ಅಂದರು. ತಿಂಗಳು ಕಳೆದು ಕಾಗದ ಬಂತು: ರೋಗ ಗುಣವಾಗಿರುವುದರಿಂದ ಅರ್ಜಿ ತಿರಸ್ಕರಿಸಲಾಗಿದೆ.

ಗಂಗಾಧರಸ್ವಾಮಿ ಮೇಲ್ಮನವಿಯ ಮಾತೆತ್ತಿದಾಗ ಪುಟ್ಟಲಕ್ಷ್ಮಿ ಒಪ್ಪಲಿಲ್ಲ.

“ಬ್ಯಾಡಿ ಸಾ. ವಾಸಿಯಾಯ್ತು ಅಂತ ನೀವೇ ಬರ್ಕೊಟ್ರಿ. ಈಗ ಆಗಿಲ್ಲ ಅಂತ ನಾನು ಎಂಗೆ ಯೋಳ್ಲಿ? ಆ ಚೀಟಿನ ಸುಳ್ಳು ಮಾಡ್ಲಾ?”

“ಚೀಟಿ ಸುಳ್ಳಾಗಲ್ಲ ಕಣಮ್ಮ. ರೋಗ ಹೋಗಿರೋದೂ ನಿಜ, ಕೈ ಜೋಮು ಹಿಡಿದಿರೋದೂ ನಿಜ. ಕುಷ್ಠದಿಂದ ಗುಣವಾದೋರು ಅಂತ ತೊಂಬತ್ತೈದನೇ ಇಸವಿ ಕಾನೂನಲ್ಲೇ ಬೇರೆ ಹೆಸರಿಟ್ಟಿದ್ದಾರೆ. ವಾಸಿಯಾದೋರಿಗೇ ಅಂತ ಮಾಡಿರೋದು ಅದು. ನಾನು ಓದಿ ನೋಡಿದ್ದೀನಿ.”

ಅವಳು ಇನ್ನೂ ಅನುಮಾನಿಸುತ್ತಿರುವಾಗ ಒಳಗಿಂದ ದೊಡ್ಡಮ್ಮ ಕೂಗಿದಳು: “ಬರ್ಕೊಳಿ ಸಾ. ನಾನೂ ಬತ್ತೀನಿ.”

ವಿಚಾರಣೆ ಮೈಸೂರಿನಲ್ಲಿತ್ತು. ಮೂವರೂ ಬೆಳಗಿನ ಬಸ್ಸಿಗೆ ಹೊರಟರು. ಗಂಗಾಧರಸ್ವಾಮಿ ಅದಕ್ಕಾಗಿ ಒಂದು ದಿನ ರಜ ಹಾಕಿದ್ದರೆಂದು ಪುಟ್ಟಲಕ್ಷ್ಮಿಗೆ ತಿಳಿದದ್ದು ಬಸ್ಸಿನಲ್ಲೇ.

ಮೇಲ್ಮನವಿ ಕೇಳುವ ಸಾಹೇಬರು ನಡುವಯಸ್ಸಿನವರು, ಬಿಡುವಿಲ್ಲದವರು. ಪುಟ್ಟಲಕ್ಷ್ಮಿ ಅಭ್ಯಾಸದಂತೆ ಬಾಗಿಲ ಹತ್ತಿರವೇ ನಿಂತಳು. “ಅಷ್ಟು ದೂರ ಯಾಕಮ್ಮ? ಬಂದು ಕೂತ್ಕೊಳ್ಳಿ” ಎಂದು ಅವರು ಎದುರಿನ ಕುರ್ಚಿ ತೋರಿಸಿದರು. ಅವಳು ಕುಳಿತಳು, ಕೈ ಸೆರಗಿನೊಳಗಿತ್ತು.

“ಕೈ ಚೆನ್ನಾಗಿದೆ, ಎಲ್ಲಾ ಎತ್ತುತ್ತಾರೆ ಅಂತ ವರದಿ ಇದೆಯಲ್ಲ?”

ಗಂಗಾಧರಸ್ವಾಮಿ ಅಪ್ಪಣೆ ಕೇಳಿ ಜೇಬಿನಿಂದ ನೀಲಿ ಬಾಲ್‌ಪೆನ್ ತೆಗೆದರು. “ಕಣ್ಣು ಮುಚ್ಚಮ್ಮ. ನಾನು ಮುಟ್ಟಿದ್ದು ಗೊತ್ತಾದಾಗಲೆಲ್ಲ ಹೂಂ ಅನ್ನು.”

ಅವಳು ಕಣ್ಣು ಮುಚ್ಚಿದಳು, ಕಾದಳು. ಫ್ಯಾನಿನ ಸದ್ದು ಕೇಳುತ್ತಿತ್ತು. ಇನ್ನೂ ಶುರುಮಾಡಿಲ್ಲವೇನೋ ಅಂದುಕೊಂಡಳು. ಮುಂಗೈ ಹತ್ತಿರ ಏನೋ ತಾಗಿತು. “ಹೂಂ” ಅಂದಳು.

“ಕಣ್ಣು ಬಿಡು.”

ಅಂಗೈ ತುಂಬ, ಐದೂ ಬೆರಳ ತುದಿಯಲ್ಲಿ, ನೀಲಿ ಚುಕ್ಕಿಗಳು. ತನ್ನದೇ ಕೈ ಅವಳಿಗೆ ಬೇರೆ ಯಾರದೋ ಅನ್ನಿಸಿತು. ಸಾಹೇಬರು ಮೇಜಿನ ಮೇಲೆ ಬಾಗಿ ಚುಕ್ಕಿಗಳನ್ನು ಎಣಿಸಿದರು. ಹತ್ತೊಂಬತ್ತು.

“ಒಂದೇ ಸಲ ಹೂಂ ಅಂದ್ರಿ” ಅಂದರು ಮೆಲ್ಲಗೆ.

ಆಗ ಹಿಂದೆ ನಿಂತಿದ್ದ ದೊಡ್ಡಮ್ಮ ಮುಂದೆ ಬಂದಳು. “ಬುದ್ಧಿ, ನಾನೊಂದ್ ಮಾತು ಯೋಳ್ಬೋದಾ? ಇವ್ಳು ಒರ್ಗಿಂದ ಬಂದ್ಮ್ಯಾಕೆ ಕಾಲು ತೊಳ್ಕಂಡು ಜಗ್ಲಿ ಮ್ಯಾಲೆ ಕೂತ್ಕತಾಳೆ. ನಾನು ಎಣ್ಣೆ ಅಚ್ತೀನಿ ಅಂತ ಕಾಲು ಇಡ್ಕತೀನಿ. ಎಣ್ಣೆ ನೆಪ ಬುದ್ಧಿ. ಮುಳ್ಳು ಚುಚ್ತಾ, ಕುಯ್ತಾ ಅಂತ ನೋಡೋದು. ಐದ್ ವರ್ಸದಿಂದ ನೋಡ್ತಾವ್ನಿ. ಒಂದ್ಸಲ ಇಂಬಡೀಲಿ ಮುರ್ದಿದ್ದ ಜಾಲಿ ಮುಳ್ಳು ತಗ್ದೆ. ಇವ್ಳು ನಗ್‌ನಗ್ತಾ ಮಾತಾಡ್ತಿದ್ಳು, ಗೊತ್ತೇ ಆಗ್ನಿಲ್ಲ. ಆ ಡಾಕ್ಟ್ರು ಒಳ್ಳೇರೇ. ಆದ್ರೆ ಒಂದ್ ಗಳ್ಗೆ ನೋಡುದ್ರು. ನಾನು ದಿನಾ ನೋಡೋಳು.”

ಪುಟ್ಟಲಕ್ಷ್ಮಿ ಕುರ್ಚಿಯಲ್ಲಿ ತಿರುಗಿ ಅತ್ತೆಯ ಮುಖ ನೋಡಿದಳು. ಸೊಸೆಯ ಕಾಲು ಹಿಡಿದು ಎಣ್ಣೆ ಹಚ್ಚುವ ಅತ್ತೆಯನ್ನು ಕಂಡು ಕೇರಿಯವರು ನಕ್ಕಿದ್ದರು. ಪಕ್ಕದ ಮನೆಯ ಮಹದೇವಮ್ಮ, “ಅತ್ತೆ ಕೈಲಿ ಕಾಲೊತ್ತಿಸ್ಕತೀಯಲ್ಲೇ” ಅಂತ ಆಡಿಕೊಂಡಿದ್ದಳು. ಮುದುಕಿಗೆ ಇದೊಂದು ಹುಚ್ಚು ಎಂದು ಪುಟ್ಟಲಕ್ಷ್ಮಿಯೂ ನಾಚಿಕೆಯಿಂದ ಕಾಲು ಎಳೆದುಕೊಂಡದ್ದುಂಟು.

ಸಾಹೇಬರು ಬಹಳ ಹೊತ್ತು ಬರೆದರು. ಹಿಂದಿನ ಆದೇಶ ರದ್ದು ಮಾಡಿ, ಸ್ಪರ್ಶದ ಪರೀಕ್ಷೆ ನಡೆಸಿ ಹೊಸ ವರದಿ ಕೊಡಬೇಕೆಂದು ಬೇರೆ ಡಾಕ್ಟರಿಗೆ ಕಾಗದ ಕೊಟ್ಟರು. “ಅಜ್ಜಿ ಹೇಳಿದ್ದನ್ನೂ ಬರೆದಿದ್ದೀನಿ” ಅಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಪುಟ್ಟಲಕ್ಷ್ಮಿ ಕೇಳಿದಳು: “ಯಾಕತ್ತೆ ನಂಗೆ ಯೋಳ್ನಿಲ್ಲ?”

“ಏನ್ ಯೋಳೋದು? ನೀನು ವಾಸಿಯಾದೆ ಅಂತ ಕುಣೀತಿದ್ದೆ. ನಾನ್ಯಾಕೆ ಕಲ್ಲಾಕ್ಲಿ?” ದೊಡ್ಡಮ್ಮ ಕಿಟಕಿಯ ಕಡೆ ತಿರುಗಿದಳು. “ಸುಮ್ಕೆ ಕೂತ್ಕ, ಜನ ನೋಡ್ತಾರೆ.”

ಪುಟ್ಟಲಕ್ಷ್ಮಿ ಸುಮ್ಮನೆ ಕೂರಲಿಲ್ಲ. ಊರು ಬರುವವರೆಗೂ ಅತ್ತೆಯ ತೋಳು ಹಿಡಿದುಕೊಂಡೇ ಇದ್ದಳು.

ಹೊಸ ಡಾಕ್ಟರು ಅಂಗೈ, ಅಂಗಾಲು ಎರಡನ್ನೂ ಅರ್ಧ ಗಂಟೆ ನೋಡಿದರು. ಮೂರು ತಿಂಗಳಾದ ಮೇಲೆ ಮಾಸಾಶನ ಮಂಜೂರಾದ ಆದೇಶ ಬಂತು. ಅದನ್ನು ಓದಿ ಹೇಳಲು ಗಂಗಾಧರಸ್ವಾಮಿ ಒಂದು ಭಾನುವಾರ ಮಧ್ಯಾಹ್ನ ಬಂದರು. ಕಲ್ಲಯ್ಯನೂ ಮನೆಯಲ್ಲಿದ್ದ. ಜಗಲಿಯಲ್ಲಿ ಮಹದೇವಮ್ಮ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು. ಗಂಗಾಧರಸ್ವಾಮಿ ಕಾಗದ ಬಿಚ್ಚಿ, ಅವಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. “ಇದರಲ್ಲಿ ಆ ಹೆಸರಿದೆ ಕಣಮ್ಮ. ಒಳಗೆ ಹೋಗಿ ಓದಲಾ?”

ಪುಟ್ಟಲಕ್ಷ್ಮಿ ಗಂಡನನ್ನು ನೋಡಿದಳು. ಕಲ್ಲಯ್ಯ ತಲೆಯಾಡಿಸಿದ.

“ಇಲ್ಲೇ ಓದಿ ಸಾ. ಜೋರಾಗೇ ಓದಿ.”

ಅವರು ಓದಿದರು. ‘ಕುಷ್ಠರೋಗದಿಂದ ಸಂಪೂರ್ಣ ಗುಣಮುಖರಾದ’ ಎಂಬಲ್ಲಿ ಮಹದೇವಮ್ಮನ ಕೈ ಮೊರದ ಮೇಲೇ ನಿಂತಿತು. ಅವಳು ಪುಟ್ಟಲಕ್ಷ್ಮಿಯನ್ನೂ ದೊಡ್ಡಮ್ಮನನ್ನೂ ನೋಡಿದಳು. ಎದ್ದು ಹೋಗುತ್ತಾಳೆ ಅಂದುಕೊಂಡರೆ, “ಅದ್ಕೆನಾ ದೊಡ್ಡಮ್ಮ ನೀನು ಕಾಲು...” ಎಂದು ಅರ್ಧಕ್ಕೇ ನಿಲ್ಲಿಸಿ, ಮತ್ತೆ ಕಾಯಿ ಬಿಡಿಸತೊಡಗಿದಳು.

ಪುಟ್ಟಲಕ್ಷ್ಮಿ ಗಂಗಾಧರಸ್ವಾಮಿಯ ಕಡೆ ತಿರುಗಿದಳು. ಎಷ್ಟು ಮಳೆಯಲ್ಲಿ, ಎಷ್ಟು ಬಿಸಿಲಲ್ಲಿ ಸೈಕಲ್ ತುಳಿದಿದ್ದರು. “ಊಟ ಮಾಡ್ಕಂಡೇ ಓಗ್ಬೇಕು ಸಾ” ಅಂದಳು.

ದೊಡ್ಡಮ್ಮ ಒಲೆಯಿಂದ ಪಾತ್ರೆ ಇಳಿಸಿಕೊಟ್ಟಳು. ಪುಟ್ಟಲಕ್ಷ್ಮಿ ತನ್ನ ಕೈಯಾರೆ ಮುದ್ದೆ ಇಟ್ಟು, ಸೊಪ್ಪಿನ ಸಾರು ಬಿಟ್ಟಳು. ಗಂಗಾಧರಸ್ವಾಮಿ ಪಟ್ಟಾಗಿ ಕುಳಿತು ಉಂಡರು. ತಟ್ಟೆ ಮುಂದೆ ಚಾಚಿ, “ಇನ್ನೊಂದು ಸೌಟು ಸಾರು ಬಿಡಮ್ಮ” ಅಂದರು.