ಮುಳ್ಳಿನ ಹದ

ಗ್ರಾಮಫೋನಿನ ಮುಳ್ಳಿನ ಕೈಗೆ ಅಂಟಿಸಿದ್ದ ನಾಣ್ಯವನ್ನು ದೊರ್ಸಿಲಾ ಉಗುರಿನಿಂದ ಕಿತ್ತು ಅಂಗಳದಾಚೆಗೆ ಎಸೆದಳು.

"ಅಯ್ಯೋ ಅಮ್ಮಾ, ಅದೇನ್ ಮಾಡ್ಬಿಟ್ರಿ!" ಸಾವಿನ ಮನೆಗಳಿಗೆ ಹಾಡು ಹಾಕಲು ಬರುವ ಒಸೆವೆ ತಲೆ ಮೇಲೆ ಕೈಹೊತ್ತ. "ಭಾರ ಇಲ್ದಿದ್ರೆ ಮುಳ್ಳು ಕಪ್ಪೆ ಥರ ಎಗರುತ್ತೆ."

"ಎಗರಿದ್ರೆ ನಾನ್ ನೋಡ್ಕೋತೀನಿ. ಈ ಪ್ಲೇಟಿನ ಮೇಲೆ ನಾಣ್ಯ ಹೊತ್ತ ಮುಳ್ಳು ಓಡೋ ಹಾಗಿಲ್ಲ, ಅಷ್ಟೇ."

ಮಾವಿನ ನೆರಳಲ್ಲಿ ಶವಪೆಟ್ಟಿಗೆ ಇತ್ತು. ಒಳಗಿದ್ದವನು ಅವಳ ಗಂಡ ಝಬ್ಲೋನ್ ಮಗಾಕ್, ಮಿಗೋರಿ ಪೇಟೆಯಲ್ಲಿ ಗ್ರಾಮಫೋನ್ ರಿಪೇರಿ ಮಾಡುತ್ತಲೇ ಮುದುಕನಾದವನು. ಗಂಟಲ ಕಾಯಿಲೆಗೆ ಅವನ ದನಿ ಹೋಗಿ ವರ್ಷಗಳಾಗಿದ್ದವು. ಆ ದನಿ ಈಗ ಉಳಿದದ್ದು ದೊರ್ಸಿಲಾಳ ಮಡಿಲಲ್ಲಿದ್ದ ಒಂದು ಸವೆದ ಪ್ಲೇಟಿನಲ್ಲಿ ಮಾತ್ರ. ಹರೆಯದಲ್ಲಿ ಹಾಡು ರೆಕಾರ್ಡು ಮಾಡುವ ಕಡೆ ತಂತಿ ಹೊರಲು ಹೋಗಿದ್ದವನು ಗಿಟಾರಿನ ನಡುವೆ ನುಗ್ಗಿ ಕೂಗಿಬಿಟ್ಟಿದ್ದ. ಹಾಡು ನಿಲ್ಲಿಸಿ ತನ್ನನ್ನೋ ತನ್ನವರನ್ನೋ ಹೊಗಳಿಕೊಳ್ಳುವುದು ಇಲ್ಲಿನ ಲುವೋ ಜನಕ್ಕೆ ಹುಟ್ಟಿನಿಂದ ಬಂದದ್ದು. ವಾದ್ಯದವರು ನಕ್ಕು ಅದನ್ನು ಹಾಗೇ ಬಿಟ್ಟಿದ್ದರು. ಮಣ್ಣು ಮುಚ್ಚುವ ಮುಂಚೆ ಅದನ್ನೊಮ್ಮೆ ಕೇಳಬೇಕು ಎಂಬುದು ದೊರ್ಸಿಲಾಳ ಆಸೆ. ಆದರೆ ಭಾರ ಹೆಚ್ಚಾದ ಮುಳ್ಳು ಒಂದು ಸಲ ಉತ್ತರೆ ದನಿ ಪುಡಿಪುಡಿಯಾಗುತ್ತದೆ.

"ಬೇಡ ಬಿಡಿ ಅತ್ತಿಗೆ," ಎಂದ ಮೈದುನ ಒಕೂಮು. "ಅಣ್ಣ ಇದ್ದಿದ್ರೆ ಮಾತು ಬೇರೆ. ಇದು ನಮ್ ಕೈಲಾಗೋ ಕೆಲ್ಸ ಅಲ್ಲ."

"ನಿಮ್ಮಣ್ಣನ ತಕ್ಕಡಿ ತಗೊಂಬಾ."

*

ಮಗಾಕ್‌ಗೆ ಇನ್ನೂ ದನಿಯಿದ್ದ ಕಾಲ; ಆ ತಕ್ಕಡಿ ಮನೆಗೆ ಬಂದ ದಿನ ಜಗಳವೇ ಆಗಿತ್ತು. ಅಂಗೈಯಗಲದ, ಅಂಕಿ ತೋರಿಸುವ ಅಗ್ಗದ ತಕ್ಕಡಿ. ಮಿಗೋರಿಯಲ್ಲಿ ಚಿನ್ನದ ಪುಡಿ ಕೊಳ್ಳುವವರ ಜೇಬಿನಲ್ಲಿರುವಂಥದ್ದು. ಮಗಾಕ್ ಚಿನ್ನದ ವ್ಯಾಪಾರಕ್ಕಿಳಿದ ಎಂದು ಸಂಜೆಯೊಳಗೆ ಊರೆಲ್ಲ ಗುಲ್ಲು. ಪಕ್ಕದ ಮನೆಯವಳು ಬಟ್ಟೆ ತುದಿಯಲ್ಲಿ ಪುಡಿ ಕಟ್ಟಿಕೊಂಡು ಬಂದೇ ಬಂದಳು.

"ಅಕ್ಕಾ, ನಾನ್ ತೂಗೋದು ಮುಳ್ಳು ಕಣಕ್ಕಾ," ಎಂದ ಮಗಾಕ್ ಸಂಕೋಚದಿಂದ.

"ಸಕ್ಕರೆ ತೂಗೋಕೆ ಗತಿಯಿಲ್ಲ, ಇವ್ರು ಮುಳ್ಳು ತೂಗ್ತಾರಂತೆ!" ದೊರ್ಸಿಲಾ ಮೂತಿ ತಿರುವಿದಳು.

"ಭಾರ ಜಾಸ್ತಿಯಾದ್ರೆ ಗೆರೆ ಕೆರೆದು ಹಾಕುತ್ತೆ. ಕಮ್ಮಿಯಾದ್ರೆ ಎಗರಿ ಎಗರಿ ಬಡಿಯುತ್ತೆ. ಹದ ಬೇಕು ಕಣೇ." ಅವಳ ಕೈಗೊಂದು ಬಿದಿರಿನ ಚಕ್ಕೆ ಕೊಟ್ಟ. "ತಕ್ಕಡಿ ತಟ್ಟೆ ಕಬ್ಬಿಣದ್ದು, ಮುಳ್ಳಿನ ತಲೇಲಿ ಅಯಸ್ಕಾಂತ. ಎಳ್ಕೊಂಡು ಸುಳ್ಳು ಹೇಳುತ್ತೆ. ಚಕ್ಕೇನ ತಟ್ಟೆಯಿಂದ ಹೊರಗೆ ಚಾಚಿಟ್ಟು ಅಂಕಿ ಸೊನ್ನೆ ಮಾಡು, ಅದರ ತುದೀಲಿ ಮುಳ್ಳು ಕೂರಿಸು."

ಅಂದಿನಿಂದ ಯಾವ ಹೋಟೆಲಿಗೆ ಹೋದರೂ ಅಲ್ಲಿನ ಗ್ರಾಮಫೋನಿನ ಮುಳ್ಳಿನ ಮೇಲಿದ್ದ ನಾಣ್ಯ ಕಿತ್ತು, ತೂಗಿ, ಹದ ಮಾಡಿದ ಮೇಲೇ ಅವನು ಚಹಾ ಕುಡಿಯುತ್ತಿದ್ದುದು. ಯಾರೂ ಕರೆದಿರುತ್ತಿರಲಿಲ್ಲ. ಎಂಥ ಮನುಷ್ಯ!

*

ದೊರ್ಸಿಲಾ ಚಕ್ಕೆ ಚಾಚಿಟ್ಟು ಸೊನ್ನೆ ಮಾಡಿದಳು. "ಈ ಮುಳ್ಳಿಗೆ ಎಷ್ಟಿರ್ಬೇಕೋ?"

ಒಸೆವೆ ನೆಲ ನೋಡಿದ. "ಹೋದ ವರ್ಷ ಯಜಮಾನ್ರೇ ತೂಗಿ, ಮೂರು ಗ್ರಾಂ ಅಂತ ಮೂರು ಬೆರಳು ತೋರ್ಸಿದ್ರು. ಆಮೇಲೆ ನಾನೇ ಮುಳ್ಳಿನ ಕೈ ಹಿಂದಿರೋ ಭಾರದ ತಿರುಪು ತಿರುಗ್ಸಿ, ನಾಣ್ಯ ಬೇರೆ ಅಂಟಿಸ್ದೆ."

"ನಿನ್ ಬುದ್ಧಿಗಿಷ್ಟು!"

ಮುಳ್ಳು ಕೂರಿಸಿದಳು. ಅಂಕಿ ಐದು ದಾಟಿತು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ತೂಗಿದಳು, ಮತ್ತೆ ತಿರುಗಿಸಿದಳು.

"ಆಯ್ತಾ ಅತ್ತಿಗೆ?"

"ಬಾಯ್ಮುಚ್ಚು. ಉಸಿರು ತಾಗಿದ್ರೂ ಅಲ್ಲಾಡುತ್ತೆ."

ಅಳುತ್ತಿದ್ದ ಹೆಂಗಸರೂ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಅಂಕಿ ಮೂರಕ್ಕೆ ಬಂದು ನಿಂತಿತು.

"ಯಾರೂ ಕುಣೀಬೇಡಿ, ನೆಲ ಅದುರುತ್ತೆ," ಎಂದು ಹೇಳಿ ಪ್ಲೇಟು ಹಾಕಿ ಮುಳ್ಳನ್ನು ಇಳಿಸಿದಳು. ಗಿಟಾರು ಎಣ್ಣೆಯ ಧಾರೆಯ ಹಾಗೆ ಹರಿಯಿತು. ಆಮೇಲೆ ಅದರ ನಡುವಿಂದ ಒಬ್ಬ ಹುಡುಗ ಕೂಗಿದ: "ನಿಲ್ಸಿ! ನಾನು ಮಗಾಕ್! ಮೊಸಳೆಗೆ ಹೆದರದೋನು, ಪೊಲೀಸ್ರಿಗೆ ಹೆದರದೋನು, ದೊರ್ಸಿಲಾಳ ಹುಬ್ಬಿಗೆ ಮಾತ್ರ ಹೆದರೋನು!"

ಅಂಗಳವೆಲ್ಲ ನಕ್ಕಿತು. ಒಕೂಮು ಮಾತ್ರ ಬಿಕ್ಕಿ ಬಿಕ್ಕಿ ಅತ್ತ.

ದೊರ್ಸಿಲಾ ಬೆರಳ ತುದಿಯಿಂದ ಮುಳ್ಳನ್ನೆತ್ತಿ ಎದ್ದು ನಿಂತಳು.

"ನಿಲ್ಸಿದ್ದೀನಿ! ನಾನು ದೊರ್ಸಿಲಾ! ಕರೆಯದ ಕಡೆಗೂ ಹೋಗಿ ಪ್ಲೇಟಲ್ಲಿರೋ ಸತ್ತೋರ ದನಿ ಉಳಿಸಿ ಬಂದೋನ ಹೆಂಡ್ತಿ! ಅವ್ರು ತೂಗೋವಾಗ ನಕ್ಕೋಳು, ಇವತ್ತು..."

ಪೆಟ್ಟಿಗೆ ಇಳಿಸಲು ಹಗ್ಗ ಹಿಡಿದವರು ಕಾಯುತ್ತ ನಿಂತಿದ್ದರು. ಅವಳು ಬಗ್ಗಿ ಮುಳ್ಳನ್ನು ಒಂದಿಷ್ಟು ಹಿಂದಕ್ಕೆ, ಗಂಡ ಕೂಗುವುದಕ್ಕಿಂತ ತುಸು ಮುಂಚಿನ ಗೆರೆಗೆ, ಮೆಲ್ಲಗೆ ಇಳಿಸಿದಳು.