ಹಳದಿ ಚೀಟಿಯ ಲೋಟ

ಬೆಳಿಗ್ಗೆ ಹತ್ತು ಗಂಟೆಗೆ ಆಸ್ಪತ್ರೆ ಸಿಬ್ಬಂದಿಯ ಊಟದ ಕೋಣೆಯಲ್ಲಿ ಐವರು ಕಷಾಯದ ರುಚಿ ನೋಡಿದರು. ಪ್ರತಿಯೊಬ್ಬರ ಮುಂದೆ ಎರಡು ಲೋಟ: ಒಂದಕ್ಕೆ ಹಳದಿ ಚೀಟಿ, ಇನ್ನೊಂದಕ್ಕೆ ನೀಲಿ. ಒಂದರಲ್ಲಿ ಮಲೇರಿಯಾಕ್ಕೆ ಹಿಂದಿನಿಂದಲೂ ಕೊಡುತ್ತಿದ್ದ ಬೇರಿನ ಕಷಾಯ. ಇನ್ನೊಂದರಲ್ಲಿ ಅದೇ ಬಣ್ಣದ, ಅಷ್ಟೇ ಕಹಿಯಾದ ಹುಸಿ ಕಷಾಯ. ಮರುದಿನ ಶುರುವಾಗುವ ಪರೀಕ್ಷೆಯಲ್ಲಿ ರೋಗಿಗಳೆಲ್ಲರಿಗೂ ಆಸ್ಪತ್ರೆಯ ಮಾತ್ರೆ ಸಿಗುತ್ತದೆ. ಅದರ ಜೊತೆಗೆ ಅರ್ಧ ಮಂದಿಗೆ ಅಸಲು ಕಷಾಯ, ಉಳಿದವರಿಗೆ ಹುಸಿ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿರಬಾರದು, ಡಾಕ್ಟರಿಗೂ ಗೊತ್ತಿರಬಾರದು. ಕುಡಿದವರಿಗೆ ವ್ಯತ್ಯಾಸ ತಿಳಿಯುತ್ತದೆಯೇ ಎಂದು ನೋಡಲೆಂದೇ ಇವತ್ತಿನ ರುಚಿ.

ಹುಸಿ ಕಷಾಯ ಮಾಡಿದವಳು ಆಸ್ಪತ್ರೆಯ ಫಾರ್ಮಸಿಸ್ಟ್. ಚೀಟಿಗಳ ಗುಟ್ಟು ಗೊತ್ತಿದ್ದುದು ಅವಳೊಬ್ಬಳಿಗೇ. ಅಸಲನ್ನು ಕುದಿಸಿದವಳು ಅವಳ ಅತ್ತಿಗೆ. ರುಚಿ ನೋಡಲು ಕೂತವರಲ್ಲಿ ಕೊನೆಯವಳು ಫಾರ್ಮಸಿಸ್ಟಳ ತಾಯಿ.

ಬೇರಿನ ಹದವನ್ನು ತಾಯಿ ಹೇಳಿಕೊಟ್ಟಿದ್ದು ಸೊಸೆಗೆ. ಮಗಳು ಕೇಳಿದಾಗಲೆಲ್ಲ, "ನಿನಗೆ ನಿನ್ನ ಗುಳಿಗೆ ಇದೆಯಲ್ಲ, ಇದ್ಯಾಕೆ?" ಎಂದು ಬಾಯಿ ಮುಚ್ಚಿಸಿದ್ದಳು. ಆ ಹೊಟ್ಟೆಯುರಿಯಲ್ಲೇ ಮಗಳು ಸುಟ್ಟ ಸಕ್ಕರೆ, ಕಹಿಪುಡಿ ಬೆರೆಸಿ, ಚೆಲ್ಲಿ, ಮತ್ತೆ ಬೆರೆಸಿದ್ದಳು.

"ಎರಡೂ ಒಂದೇ ರೀ, ನನಗೆ ಎರಡೂ ಬೇಡ," ಎಂದು ವಾರ್ಡಿನ ಆಯಾ ನೀರು ಕೇಳಿದಳು.

ತಾಯಿ ನೀಲಿ ಚೀಟಿಯದನ್ನು ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಹಳದಿಯದನ್ನು ಪೂರ್ತಿ ಖಾಲಿ ಮಾಡಿದಳು.

"ಕಷಾಯ ಅಂದ್ರೆ ಇದು ನೋಡಿ. ನಮ್ಮ ಸೊಸೆ ಕೈ! ಆ ನೀಲಿದು ನಮ್ಮ ಹುಡುಗಿದೇ ಇರ್ಬೇಕು, ಬರೀ ಔಷಧಿ ಅಂಗಡಿ ವಾಸನೆ."

ರುಚಿ ನೋಡಲು ಕೂತಿದ್ದ ಡಾಕ್ಟರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, "ಅಯ್ಯೋ ಸುಮ್ನಿರಿ ಅತ್ತೆ, ಎಲ್ಲರ ಮುಂದೆ," ಎಂದು ನಾಚಿಕೊಂಡಳು.

ಬಾಯಿ ಬಿಡದಿದ್ದರೆ ಫಾರ್ಮಸಿಸ್ಟ್ ಗೆದ್ದಂತೆಯೇ ಇತ್ತು. ಆ ನಾಚಿಕೆಯನ್ನು ಮಾತ್ರ ಅವಳಿಗೆ ಸಹಿಸಲಾಗಲಿಲ್ಲ.

"ಹಳದಿ ನಂದು, ಅಮ್ಮ. ನೀನು ಮುಖ ಕಿವುಚಿದ್ಯಲ್ಲ, ಅದು ನಿನ್ನ ಸೊಸೆದು."

ಡಾಕ್ಟರ ನಗು ನಿಂತಿತು. "ಏನಮ್ಮಾ ಇದು? ಬಾಟಲಿಗಳ ಮೇಲೂ ಇವೇ ಚೀಟಿ ಅಲ್ವಾ? ನಾಳೆ ರೋಗಿಗಳನ್ನ ನೋಡೋನು ನಾನೇ."

ಅವಳು ಡಾಕ್ಟರತ್ತ ತಿರುಗಲೂ ಇಲ್ಲ. ತಾಯಿಯನ್ನೇ ನೋಡುತ್ತಿದ್ದಳು.

"ಇದಕ್ಕೆ ಬೇರು ಎಷ್ಟು ಹಾಕಿದ್ಯೇ?" ಎಂದಳು ತಾಯಿ.

"ಒಂದು ಚೂರೂ ಇಲ್ಲ. ಬಣ್ಣ, ಕಹಿ, ಅಷ್ಟೇ."

"ಮತ್ತೆ ಜ್ವರ ಬಿಡುತ್ತಾ?"

"ಇಲ್ಲ."

"ಅದಕ್ಕೇ ಇಷ್ಟು ಜಂಭಾನಾ?" ತಾಯಿ ನೀಲಿ ಚೀಟಿಯ ಲೋಟವನ್ನು ಎತ್ತಿಕೊಂಡು, ಈ ಸಲ ಮುಖ ಕಿವುಚದೆ, ತಳ ಕಾಣುವವರೆಗೆ ಕುಡಿದಳು.

ಮಧ್ಯಾಹ್ನ ಬಾಟಲಿಗಳ ಚೀಟಿಗಳನ್ನೆಲ್ಲ ಕಿತ್ತುಹಾಕಿದರು. ಹೊಸ ಗುರುತು ಹಾಕಲು ಬೇರೆ ಆಸ್ಪತ್ರೆಯಿಂದ ಒಬ್ಬರು ಬಂದರು. ಪರೀಕ್ಷೆ ಒಂದು ವಾರ ತಡವಾಗಿ ಶುರುವಾಯಿತು. ಫಾರ್ಮಸಿಸ್ಟಳನ್ನು ಅದರಿಂದ ಕೈಬಿಟ್ಟು, ಹೊರರೋಗಿಗಳಿಗೆ ಮಾತ್ರೆ ಕೊಡುವ ಕಿಟಕಿಗೆ ಹಾಕಿದರು. ಕಷಾಯ ಕುದಿಸುವ ಕೆಲಸ ಅತ್ತಿಗೆಯದಾಗಿಯೇ ಉಳಿಯಿತು.