ರುಚಿ ನೋಡುವುದಕ್ಕೆ ಎಷ್ಟು ಪಾಯಿಂಟು?

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುವ ಅಡುಗೆಯವಳಿಗೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: ಮೂರು ತಿಂಗಳಲ್ಲಿ ಆರು ಕಿಲೋ ಇಳಿಸಿದರೆ ಮಂಡಿಯ ಆಪರೇಷನ್, ಇಲ್ಲವಾದರೆ ಇಲ್ಲ. ಈ ಮಂಡಿ ಇಟ್ಟುಕೊಂಡು ಒಲೆಯ ಮುಂದೆ ಇನ್ನೊಂದು ವರ್ಷ ನಿಲ್ಲುವುದು ಆಗದ ಮಾತು ಎಂದು ಅವಳಿಗೂ ಗೊತ್ತಿತ್ತು. ಒಲೆ ಬಿಟ್ಟರೆ ತಾನು ಯಾರು ಎಂಬುದು ಮಾತ್ರ ಗೊತ್ತಿರಲಿಲ್ಲ.

ಹಾಗಾಗಿ, ತಿನ್ನುವ ಪ್ರತಿಯೊಂದಕ್ಕೂ ಪಾಯಿಂಟು ಎಣಿಸಿ ತೂಕ ಇಳಿಸುವ ತರಗತಿಗೆ ಸೇರಿದಳು. ದಿನಕ್ಕೆ ಇಪ್ಪತ್ನಾಲ್ಕು ಪಾಯಿಂಟು. ಒಂದು ಬಟ್ಟಲು ಅನ್ನಕ್ಕೆ ಐದು, ಚಮಚ ಎಣ್ಣೆಗೆ ಒಂದು. ತರಕಾರಿ, ಹಣ್ಣಿಗೆ ಸೊನ್ನೆ. ತಿಂದದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಬೇಕು, ಶನಿವಾರ ತೂಕದ ಯಂತ್ರ ಹತ್ತಬೇಕು. ಅಕ್ಕ ಚಾಚೂ ತಪ್ಪದೆ ಬರೆದಳು. ನಾಲ್ಕು ಶನಿವಾರ ಕಳೆದರೂ ಮುಳ್ಳು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ತರಗತಿಯ ಟೀಚರು, ಗಾಳಿ ಬಂದರೆ ಹಾರಿಹೋಗುವಂತಿದ್ದ ಹುಡುಗಿ, ಪುಸ್ತಕ ತಿರುವಿ ಹಾಕಿ ಕೇಳಿದಳು, "ಅಡುಗೆ ಮಾಡುವಾಗ ರುಚಿ ನೋಡ್ತೀರಾ?"

"ನೋಡದೆ ಇರ್ತೀನಾ?"

"ಬರೆದೇ ಇಲ್ವಲ್ಲ."

"ಅದು ಊಟ ಅಲ್ಲಮ್ಮ, ಕೆಲಸ."

ಹುಡುಗಿ ಒಂದು ದಿನದ ಸೌಟುಗಳನ್ನು ಕೂಡಿಸಿದಳು. ಬೆಣ್ಣೆ ಹಾಕಿದ ಸೂಪು, ಕರಿದ ಆಲೂಗಡ್ಡೆ, ಕೆನೆಹಾಲಿನ ಸಿಹಿ, ಒಟ್ಟು ಹತ್ತೊಂಬತ್ತು ಪಾಯಿಂಟು. ಅಕ್ಕ ಮೂಗಿನ ಮೇಲೆ ಬೆರಳಿಟ್ಟಳು.

ಸೋಮವಾರದಿಂದ ಬಾಯಿಗೆ ಬೀಗ. ಇಪ್ಪತ್ತೆರಡು ವರ್ಷ ಪಳಗಿದ ಕೈ, ಉಪ್ಪು ಅಂದಾಜಿನಲ್ಲೇ ಬಿತ್ತು. ತಟ್ಟೆಗಳು ವಾಪಸ್ಸು ಬರುವ ಕಿಂಡಿಯನ್ನೇ ನೋಡುತ್ತ ನಿಂತಳು. ಮುನ್ನೂರು ತಟ್ಟೆಗಳೂ ಬಳಿದಂತೆ ಖಾಲಿಯಾಗಿ ಬಂದವು. ಮೂರು ವಾರದಲ್ಲಿ ಎರಡೂವರೆ ಕಿಲೋ ಇಳಿಯಿತು. ಜಂಬಕ್ಕೆ ಪಾಯಿಂಟು ಇಲ್ಲವಲ್ಲ, ಅದನ್ನು ಹೊಟ್ಟೆ ತುಂಬ ತಿಂದಳು. "ನೋಡೇ, ನನ್ನ ಕೈಗೇ ನಾಲಿಗೆ ಇದೆ" ಎಂದು ಬಡಿಸುವ ಕೆಲಸದಲ್ಲಿದ್ದ ನಾದಿನಿಗೆ ದಿನಕ್ಕೆ ಹತ್ತು ಸಲ ಹೇಳಿದಳು. ನಾದಿನಿ ಹೂಂಗುಟ್ಟುತ್ತಿದ್ದಳು.

ವರ್ಷಗಳಿಂದ ಒಂದು ದಿನವೂ ತಪ್ಪಿಸದ ಆ ನಾದಿನಿ ಒಂದು ಬುಧವಾರ ಹಲ್ಲುನೋವೆಂದು ರಜೆ ಹಾಕಿದಳು. ಅಂದು ಅರ್ಧಕ್ಕರ್ಧ ತಟ್ಟೆಗಳು ಹಾಗೇ ವಾಪಸ್ಸು ಬಂದವು. ಊಟಕ್ಕೆ ಬಂದಿದ್ದ ಕಾರ್ಖಾನೆಯ ಮೇಸ್ತ್ರಿಯೊಬ್ಬ ಹತ್ತಿರ ಬಂದು, "ಅಕ್ಕ, ಉಪ್ಪು ಮರೆತ್ರಾ?" ಎಂದು ಮೆಲ್ಲಗೆ ಕೇಳಿದ. ಅಕ್ಕ ಅಷ್ಟು ದಿನಗಳ ಮೇಲೆ ಸೌಟನ್ನು ಬಾಯಿಗಿಟ್ಟಳು. ಅವಳ ನಾಲಿಗೆಗೆ ಎಲ್ಲ ಸರಿಯಾಗಿಯೇ ಇತ್ತು.

ಮರುದಿನ ನಾದಿನಿ ಊದಿದ ಕೆನ್ನೆ ಹೊತ್ತು ಬಂದಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ನಿಜ ಹೇಳು."

"ನಿಮಗೆ ಬಿ.ಪಿ. ಬಂದ ಮೇಲೆ ಮನೇಲಿ ಉಪ್ಪು ಕಮ್ಮಿ ಮಾಡಿದ್ರಲ್ಲ ಅತ್ತಿಗೆ, ನಿಮ್ಮ ನಾಲಿಗೆ ಅದಕ್ಕೇ ಒಗ್ಗಿಬಿಟ್ಟಿದೆ. ಎರಡು ವರ್ಷದಿಂದ ಬಡಿಸೋ ಮುಂಚೆ ನಾನೇ ಹಾಕ್ತಿದ್ದೆ."

"ಬಾಯಿ ಬಿಟ್ಟು ಹೇಳಕ್ಕೇನಾಗಿತ್ತು?"

"ನಿಮ್ಮ ಅಡುಗೆಗೆ ಹೆಸರಿಡೋ ಧೈರ್ಯ ಯಾರಿಗಿದೆ?"

ಅಕ್ಕನಿಗೆ ಅವಮಾನವಾಯಿತು, ಅಳುವೂ ಬಂತು. ಎರಡು ವರ್ಷ, ದಿನಕ್ಕೆ ಹತ್ತೊಂಬತ್ತು ಪಾಯಿಂಟು, ಎಲ್ಲ ನೀರಲ್ಲಿ ಮಾಡಿದ ಹೋಮ. ಆ ಸೌಟುಗಳ ಭಾರವನ್ನೇ ಮಂಡಿ ಇಷ್ಟು ದಿನ ಹೊತ್ತಿತ್ತು. ಇದುವರೆಗೆ ಯಾರಿಗೂ ಕೊಡದ ಸೌಟನ್ನು ನಾದಿನಿಯ ಮುಂದೆ ಹಿಡಿದಳು.

"ಇನ್ಮೇಲೆ ಕದ್ದು ಹಾಕ್ಬೇಡ. ನನ್ನ ಮುಂದೇನೇ ನೋಡಿ ಹೇಳು."

ನಾದಿನಿ ಸೂಪು ಗುಟುಕರಿಸಿದಳು. "ಉಪ್ಪು ಇನ್ನೆರಡು ಹಿಡಿ ಬೇಕು. ಮತ್ತೆ, ಕಾಳುಮೆಣಸು ಜಾಸ್ತಿ ಆಗಿದೆ."

ಅಕ್ಕ ಹಲ್ಲು ಕಚ್ಚಿಕೊಂಡು ಉಪ್ಪು ಹಾಕಿದಳು.

"ಮೆಣಸಿನ ವಿಷಯ ಆಪರೇಷನ್ ಆದ ಮೇಲೆ ಮಾತಾಡೋಣ" ಎಂದಳು.